ಲೆಯೊಕಾದಿ ಎಂಬ ಹೆಸರು

ಶವಪೆಟ್ಟಿಗೆಯನ್ನು ಓರೆ ಮಾಡಿ ಬಾಗಿಲು ದಾಟಿಸುತ್ತಿದ್ದ ಹೊತ್ತಿಗೇ ಡೆಲ್ವಿನಾಳ ಸೊಂಟದಲ್ಲಿ ನೋವಿನ ಚಳುಕು ಹೊಡೆಯಿತು. ಚೌಕಟ್ಟು ಹಿಡಿದು, ಹಲ್ಲು ಕಚ್ಚಿ ನಿಂತಳು. ಇವತ್ತೊಂದು ದಿನ ಬೇಡ ಎಂದು ಹೊಟ್ಟೆಯೊಳಗಿನ ಕೂಸಿಗೆ ಮನಸ್ಸಿನಲ್ಲೇ ಅಂಗಲಾಚಿದಳು.

ಪೆಟ್ಟಿಗೆಯಲ್ಲಿದ್ದವಳು ಗಂಡ ಒವಿಲಾನ ಅಜ್ಜಿ, ಲೆಯೊಕಾದಿ. ಎಂಬತ್ತೊಂದು ವರ್ಷ ಬದುಕಿ, ಹನ್ನೊಂದು ಹೆತ್ತು, ಯಾರ ಬಾಯಿಗೂ ಬೀಳದೆ ಹೋದ ಜೀವ. ಜನವರಿಯ ಹಿಮಕ್ಕೆ ನೆಲ ಕಲ್ಲಾಗಿತ್ತು. ಗುದ್ದಲಿ ಇಳಿಯುವ ಮೇ ತಿಂಗಳವರೆಗೆ ಅವಳು ಇಗರ್ಜಿಯ ಹಿಂದಿನ ಕಲ್ಲುಕೋಣೆಯಲ್ಲಿ ಕಾಯಬೇಕಿತ್ತು.

ಬಡಗಿ ತೆಯೊಫಿಲ್ ಗೋರಿಗೆ ನೆಡುವ ಮರದ ಶಿಲುಬೆಯನ್ನು ತಂದು ಅಡುಗೆಮನೆಯ ಒಲೆಯ ಪಕ್ಕ ಒರಗಿಸಿದ. "ಬಣ್ಣ ಇನ್ನೂ ಹಸಿ, ಇಲ್ಲೇ ಒಣಗ್ಲಿ. ಹೆಸರಷ್ಟೇ ಬರ್ದಿದೀನಿ. ಹುಟ್ಟಿದ ಇಸವಿಗೆ ಪಾದ್ರಿಗಳನ್ನೇ ಕೇಳ್ಬೇಕು. ಅವರ ಪುಸ್ತಕದಲ್ಲಿ ಅದೇ ಅಪ್ಪ-ಅಮ್ಮನ ಮಕ್ಕಳಲ್ಲೇ ಈ ಹೆಸರು ಮೂರು ಸಲ ಇದೆಯಂತೆ."

ಅತ್ತೆ ಯುಫೆಮಿ ಕಣ್ಣೊರೆಸಿಕೊಂಡು ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. "ನಮ್ಮಮ್ಮನ ಹೆಸರು ಖಾಲಿ ಬಿದ್ದಿರೋಕೆ ನಾನು ಬಿಡಲ್ಲ."

"ಹೆಣ ಇನ್ನೂ ಅಂಗಳ ದಾಟಿಲ್ಲ, ಆಗ್ಲೇ ಹೆಸರು ಹಂಚ್ತಿದೀಯಲ್ಲೇ!" ಎಂದು ನಕ್ಕಳು ಸೂಲಗಿತ್ತಿ ಪಾರ್ಮೆಲಿ. ಅಷ್ಟರಲ್ಲಿ ಡೆಲ್ವಿನಾಳ ಮುಖ ನೋಡಿ ಅವಳ ನಗು ನಿಂತುಹೋಯಿತು. "ಅಯ್ಯೋ, ಇವಳನ್ನ ಒಳಗೆ ಮಲಗಿಸಿ."

*

ಮದುವೆಗೆ ಮುಂಚೆ, ಗಂಡು ಹೆಣ್ಣು ಒಂದೇ ರಕ್ತವೋ ಎಂದು ನೋಡಲು ಪಾದ್ರಿಗಳು ಎರಡೂ ಮನೆಯ ವಂಶವನ್ನು ಫ್ರಾನ್ಸಿನಿಂದ ಹಡಗು ಹತ್ತಿ ಬಂದವರ ತನಕ ಬರೆದು ಕೊಟ್ಟಿದ್ದರು. ಓದು ಬಾರದ ಅಜ್ಜಿ ಕಳೆದ ಅಕ್ಟೋಬರಿನಲ್ಲಿ ಆ ಕಾಗದ ಓದಿಸಿಕೊಂಡಿದ್ದಳು.

"ಮಾರಿ ಲೆಯೊಕಾದಿ, ಎಂಟು ತಿಂಗಳಿಗೆ ಸಾವು," ಎಂದು ಡೆಲ್ವಿನಾ ಓದಿದಳು. "ಮಾರಿ ಲೆಯೊಕಾದಿ, ಎರಡು ವರ್ಷಕ್ಕೆ ಸಾವು. ಮಾರಿ ಲೆಯೊಕಾದಿ..."

"ಅದು ನಾನು. ಮಾರಿ ಅನ್ನೋದು ಬಿಡು, ಊರಿನ ಹೆಣ್ಣುಮಕ್ಕಳಿಗೆಲ್ಲ ಇರೋದೇ. ಆ ಇನ್ನೊಂದು ಹೆಸರು ಮಾತ್ರ ಸತ್ತ ಅಕ್ಕಂದಿರ ಮೈಯಿಂದ ಬಿಚ್ಚಿ ನನಗೆ ತೊಡಿಸಿದ್ದು. ಅಮ್ಮ ಕೂಗಿದ್ರೆ ನಾನು ತಕ್ಷಣ ಓಗೊಡ್ತಿರ್ಲಿಲ್ಲ ಕಣೇ. ನನಗಿಂತ ಮುಂಚೆ ಇನ್ಯಾರಾದ್ರೂ ಓ ಅಂತಾರೇನೋ ಅಂತ ಕಾಯ್ತಿದ್ದೆ."

ಡೆಲ್ವಿನಾ ಕಾಗದ ಮಡಿಸಿಟ್ಟಳು.

"ಯುಫೆಮಿ ಚೊಚ್ಚಲಿಗೆ ಇದನ್ನೇ ಇಟ್ಲು. ಬೇಡ ಅಂದೆ, ಕೇಳ್ಲಿಲ್ಲ. ಆರೇ ವಾರ ಇದ್ದಿದ್ದು ಕೂಸು. ಇನ್ನು ಸಾಕು, ಇದು ನನ್ನ ಜೊತೆ ಮಣ್ಣಿಗೆ ಹೋಗ್ಲಿ. ಆಣೆ ಮಾಡು."

ಡೆಲ್ವಿನಾ ಬಸಿರಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

*

ಜನ ಇಗರ್ಜಿಯಿಂದ ಮರಳುವ ಹೊತ್ತಿಗೆ ಹೆಣ್ಣು ಹುಟ್ಟಿತು. ಚಿಕ್ಕ ಕೂಸು, ದನಿಯೂ ಸಣ್ಣದು. ಹುಟ್ಟಿದ ದಿನವೇ ಪಾದ್ರಿಗಳು ತಲೆಗೆ ನೀರೆರೆದು ಹೆಸರಿಡುವ ಜ್ಞಾನಸ್ನಾನವಾಗಬೇಕು. ಹೆತ್ತವಳು ಹಾಸಿಗೆ ಬಿಟ್ಟೇಳುವಂತಿಲ್ಲ. ಚೊಚ್ಚಲಿಗೆ ಗಂಡನ ತಾಯಿಯೇ ಜ್ಞಾನತಾಯಿ. ಕೂಸನ್ನು ಒಯ್ಯುವವಳೂ ಪಾದ್ರಿಗೆ ಹೆಸರು ಹೇಳುವವಳೂ ಅವಳೇ.

ಯುಫೆಮಿ ಕೂಸನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿದಳು.

"ಅತ್ತೆ, ರೋಸಾನ್ನಾ ಅಂತ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಅಜ್ಜಿಗೆ ಮಾತು ಕೊಟ್ಟಿದೀನಿ."

"ಮುದುಕಿ ಕಡೆಗಾಲದಲ್ಲಿ ಏನೇನೋ ಬಡಬಡಿಸಿದಳು." ಯುಫೆಮಿ ಶಾಲಿನ ಅಂಚನ್ನು ಬಿಗಿದು ಕಟ್ಟಿದಳು. "ನನ್ನದು ಉಳೀಲಿಲ್ಲ ಕಣೇ. ಇದು ಉಳೀತದೆ."

"ರೀ, ನೀವಾದ್ರೂ ಹೇಳ್ರೀ!"

"ಇವತ್ತು ಅಮ್ಮನ ಜೊತೆ ಜಗಳ ಬೇಡ ಡೆಲ್ವಿನಾ," ಎಂದ ಒವಿಲಾ, ನೆಲ ನೋಡುತ್ತ. ಕುದುರೆಗಾಡಿ ಹಿಮದ ಮೇಲೆ ಜಾರಿ ಹೋದ ಸದ್ದು ಕೇಳಿಸಿತು. ಬೆಳಿಗ್ಗೆ ಸಾವಿಗೆ ಬಾರಿಸಿದ್ದ ಗಂಟೆಯನ್ನೇ ಈಗ ಹುಟ್ಟಿಗೆ ಬಾರಿಸಿದರು. ಡೆಲ್ವಿನಾ ಕಿವಿ ಮುಚ್ಚಿಕೊಂಡಳು.

ನಾಲ್ಕು ಗಂಟೆಗೆ ಅವರು ಮರಳಿದರು. ಚಳಿಗೆ ಕೂಸಿನ ತುಟಿ ನೀಲಿಗಟ್ಟಿತ್ತು. ಬೆಚ್ಚಗಿರಲೆಂದು ಯುಫೆಮಿ ತೊಟ್ಟಿಲನ್ನು ಒಲೆಯ ಹತ್ತಿರಕ್ಕೆ, ಶಿಲುಬೆಯ ಪಕ್ಕಕ್ಕೆ ಎಳೆದಳು.

"ಲೆಯೊಕಾದೀ," ಎಂದು ಬಾಗಿ ಕರೆದಳು.

ಕೂಸು ಓಗೊಡಲಿಲ್ಲ. ತೆರೆದ ಬಾಗಿಲಾಚೆ, ಹಾಸಿಗೆಯಲ್ಲಿ ಡೆಲ್ವಿನಾ ಕೂಸಿನ ದನಿಗೆ ಕಿವಿಗೊಟ್ಟು ಕಾದಳು. ಒಲೆಯ ಕಾವಿಗೆ ಶಿಲುಬೆಯ ಮೇಲಿನ ಹೆಸರು ಒಣಗಿತ್ತು. ಅದರ ಕೆಳಗೆ ಇಸವಿಗೆಂದು ಬಿಟ್ಟ ಜಾಗ ಖಾಲಿಯಿತ್ತು.