ಇಬ್ಬರ ಹೆಸರಿನಲ್ಲಿದ್ದ ಮೇಜು

ನಮ್ಮ ಬೀದಿಯಲ್ಲಿ ಫೋಟೋಗೆ ಕಟ್ಟು ಹಾಕಿಸಬೇಕೆಂದರೆ ಒಂದು ಕಾಲಕ್ಕೆ ಒಂದೇ ಅಂಗಡಿ. ಗಾಜು ಕತ್ತರಿಸುವವನು ಗಂಡ, ಚೌಕಟ್ಟು ಕೂಡಿಸುವವಳು ಹೆಂಡತಿ. ಅವನಿಗೆ ಗಾಜಣ್ಣ, ಅವಳಿಗೆ ಫ್ರೇಮಕ್ಕ ಎಂದು ಬೀದಿಯೇ ಹೆಸರಿಟ್ಟಿತ್ತು. ಎದುರಿಗೇ ನನ್ನ ಚಪ್ಪಲಿ ಅಂಗಡಿ. ಗಿರಾಕಿಗಳಿಲ್ಲದಾಗ ಅವರಿಬ್ಬರ ದನಿಯೇ ನನಗೆ ರೇಡಿಯೋ.

ಅವರದೊಂದು ಪದ್ಧತಿಯಿತ್ತು. ಗಾಜಿನ ಮೇಲೆ ಗೆರೆ ಎಳೆಯುವ ಮುಂಚೆ ಅವನು ಅಳತೆ ಕೂಗಬೇಕು, ಅವಳು ಅದನ್ನೇ ತಿರುಗಿ ಹೇಳಬೇಕು. "ಹನ್ನೆರಡೂವರೆ" ಎಂದು ಅವನು, "ಹನ್ನೆರಡೂವರೆ" ಎಂದು ಅವಳು. ಆಮೇಲೆ ಕಿರ್ರೆಂದು ಗೆರೆ, ಟಕ್ಕೆಂದು ಗಾಜು ಎರಡು. ಅವಳು ಹೇಳದೆ ಅವನ ಕೈ ಆಡುತ್ತಿರಲಿಲ್ಲ. ಎಷ್ಟು ಚೆಂದವಿತ್ತು ಆ ಜೋಡಿ! ಈಗಲೂ ಸಂಜೆಯಾದರೆ ನನ್ನ ಕಿವಿ ಆ ದನಿಯನ್ನೇ ಹುಡುಕುತ್ತದೆ.

ಅಂಗಡಿಯಲ್ಲಿ ಕೂಡುತ್ತಿದ್ದ ಮಾತು ಮನೆಯಲ್ಲಿ ಕೂಡಲಿಲ್ಲ. ಬೀದಿ ರಂಪವೇನೂ ಆಗಲಿಲ್ಲ, ಮಾತೇ ನಿಂತುಹೋಯಿತು. ಕೋರ್ಟಿನಲ್ಲಿ ಬೇರೆಯಾದರು. ಬಾಡಿಗೆ ಅಂಗಡಿ, ಚೌಕಟ್ಟಿನ ಪಟ್ಟಿಗಳು ಅವಳಿಗೆ. ಗಾಜು ಕತ್ತರಿಸುವ ದೊಡ್ಡ ಮೇಜು ಅವನಿಗೆ; ಅದರೊಂದಿಗೆ ಅವನು ಬೇರೆ ಬೀದಿಗೆ ಹೋದ. ಆ ಮೇಜನ್ನು ಇಬ್ಬರೂ ಸಹಿ ಹಾಕಿ ಬ್ಯಾಂಕ್ ಸಾಲದಲ್ಲಿ ತಂದಿದ್ದರು. "ಕಂತು ನನ್ನದು" ಎಂದ ಅವನು. "ಕಂತು ನಿನ್ನದು" ಎಂದಳು ಅವಳು. ಗಾಜಿನ ಅಳತೆಗೇ ಸಾಕಾಗಿದ್ದ ಮಾತು ಸಾಲಕ್ಕೆ ಸಾಲದೇ ಎಂದುಕೊಂಡು ಅಲ್ಲಿಗೇ ಬಿಟ್ಟರು.

ಕೆಲವು ವರ್ಷ ಕಳೆದ ಮೇಲೆ ಅಂಗಡಿಯ ಮಾಲೀಕರು ಮಳಿಗೆ ಮಾರಲು ಹೊರಟರು. ಮೊದಲು ಫ್ರೇಮಕ್ಕನನ್ನೇ ಕೇಳಿದರು. ಅವಳು ಕೊಳ್ಳದಿದ್ದರೆ ಬೇರೆಯವರ ಪಾಲು, ಅವಳು ಗಂಟುಮೂಟೆ ಕಟ್ಟಬೇಕು. ಬಾಡಿಗೆಯನ್ನು ಒಂದು ತಿಂಗಳೂ ತಪ್ಪಿಸಿದವಳಲ್ಲ, ಧೈರ್ಯವಾಗಿ ಸಾಲ ಕೇಳಲು ಹೋದಳು. ಬ್ಯಾಂಕಿನವರು ಅವಳ ಸಾಲ-ಕಂತುಗಳ ಲೆಕ್ಕವೆಲ್ಲ ಇರುವ ಕ್ರೆಡಿಟ್ ವರದಿ ನೋಡಿ, ಆಗುವುದಿಲ್ಲ ಎಂದರು. ಮುಖ ಸಪ್ಪೆ ಮಾಡಿಕೊಂಡು ಬಂದು ನನ್ನ ಸ್ಟೂಲಿನ ಮೇಲೆ ಕುಳಿತಳು.

ವಿಷಯ ತಿಳಿದು ಬಂದವಳು ಗಾಜಣ್ಣನ ತಂಗಿ. ಇನ್ನೊಂದು ಬ್ಯಾಂಕಿನ ಸಾಲ ವಿಭಾಗದಲ್ಲಿ ಅವಳಿಗೆ ಕೆಲಸ. ಅಣ್ಣ ಬಿಟ್ಟರೂ ಇವಳು ಅತ್ತಿಗೆಯನ್ನು ಬಿಟ್ಟವಳಲ್ಲ. ಫ್ರೇಮಕ್ಕನ ಫೋನಿನಲ್ಲೇ ವರದಿ ತೆಗೆಸಿದಳು. ಮೇಜಿನ ಸಾಲ ಅಲ್ಲಿ ಠಿಕಾಣಿ ಹೂಡಿತ್ತು. ಕೆಲಸ ಕಡಿಮೆಯಾಗಿ ಗಾಜಣ್ಣ ಕೆಲವು ಕಂತು ತಡಮಾಡಿದ್ದ, ಆ ತಡವೆಲ್ಲ ಇವಳ ಹೆಸರಿಗೂ ಬಿದ್ದಿತ್ತು.

ನನಗೆ ಮೈಯೆಲ್ಲ ಉರಿಯಿತು. ಕೋರ್ಟೇ ಬಿಡಿಸಿದ ಮೇಲೆ ಬ್ಯಾಂಕಿನದೇನು ದೊಡ್ಡಸ್ತಿಕೆ ಎಂದೆ.

"ಕೋರ್ಟು ಬಿಡಿಸಿದ್ದು ಮದುವೇನ ಅಕ್ಕ. ಬ್ಯಾಂಕಿಗೆ ಕೊಟ್ಟ ಸಹಿ ಹಾಗೇ ಇದೆ," ಎಂದಳು ನಾದಿನಿ. "ಇವರಿಬ್ರೂ ಬಾಯಲ್ಲಿ ಹೇಳ್ಕೊಂಡಿದ್ದು ಬ್ಯಾಂಕಿಗೆ ಹೇಗೆ ಗೊತ್ತಾಗ್ಬೇಕು?"

ಗಾಜಣ್ಣ ಮಾತಿಗೆ ತಪ್ಪುವವನಲ್ಲ ಎಂದು ಫ್ರೇಮಕ್ಕ ಅವನ ಪರ ವಹಿಸಿದಳು. ತಪ್ಪುವವನೆಂದು ತಾನೂ ಹೇಳುತ್ತಿಲ್ಲ, ಆದರೆ ಕೈ ಖಾಲಿಯಾದರೆ ಒಳ್ಳೆಯವನೂ ಏನು ಮಾಡಿಯಾನು ಎಂದಳು ನಾದಿನಿ. ಸಾಲವನ್ನು ಒಬ್ಬರ ಹೆಸರಿಗೆ ಮಾಡಿಕೊಡಿ ಎಂದು ಬರೆದು ಕೇಳಬೇಕು. ಆ ಒಬ್ಬರ ವರಮಾನ ಸಾಲದೆ ಬ್ಯಾಂಕು ಒಪ್ಪದಿದ್ದರೆ ಸಾಲ ತೀರಿಸಿ ಮುಚ್ಚಬೇಕು. ಮೂರನೆಯ ದಾರಿ ತನಗೆ ಗೊತ್ತಿಲ್ಲ ಎಂದಳು.

ಫ್ರೇಮಕ್ಕ ಮೆಲ್ಲಗೆ ಹೇಳಿದಳು: "ನಮ್ಮಿಬ್ರ ಹೆಸರು ಒಟ್ಟಿಗಿರೋದು ಈಗ ಅದೊಂದ್ರಲ್ಲೇ ಕಣೆ. ತೆಗೆಸೋಕೆ ಮನಸ್ಸು ಬರ್ಲಿಲ್ಲ."

ನಾದಿನಿಯ ಕಣ್ಣು ತುಂಬಿತ್ತು, ಆದರೂ ಬಿಡಲಿಲ್ಲ. "ಅತ್ತಿಗೆ, ಗಾಜಿಗೆ ಗೆರೆ ಎಳೆದು ಹಾಗೇ ಬಿಡ್ತಿದ್ರಾ ನೀವು?"

"ಎಲ್ಲಾದ್ರೂ ಉಂಟಾ? ಆಗ್ಲೇ ಮುರೀಬೇಕು. ಬಿಟ್ರೆ ಅಡ್ಡಾದಿಡ್ಡಿ ಸೀಳುತ್ತೆ," ಎಂದಳು ಫ್ರೇಮಕ್ಕ. ತನ್ನ ಮಾತು ತನಗೇ ಕೇಳಿಸಿ ಎದ್ದು ನಿಂತಳು.

ಮರುದಿನ ಫ್ರೇಮಕ್ಕ, ಗಾಜಣ್ಣ ಇಬ್ಬರೂ ಮೇಜಿಗೆ ಸಾಲ ಕೊಟ್ಟಿದ್ದ ಬ್ಯಾಂಕಿಗೆ ಹೋದರು. ಗಾಜಣ್ಣನ ವರಮಾನ ನೋಡಿ ಅವನೊಬ್ಬನ ಹೆಸರಿಗೆ ಸಾಲ ಮಾಡಲು ಬ್ಯಾಂಕು ಒಪ್ಪಲಿಲ್ಲ. ಆಗ ಅವನೇ, ಮೇಜು ಮಾರೋಣ ಎಂದ. ಬ್ಯಾಂಕಿನ ಒಪ್ಪಿಗೆ ಪಡೆದು ಮಾರಿದರು. ಕೊಂಡವರು ಹಣವನ್ನು ನೇರವಾಗಿ ಸಾಲಕ್ಕೇ ಕಟ್ಟಿದರು. ಸಾಲ ತೀರಿದೆ ಎಂಬ ಪತ್ರ ಕೈಗೆ ಬಂತು.

ಮೇಜು ಸಾಗಿಸುವ ದಿನ ಅವನ ಹೊಸ ಜಾಗಕ್ಕೆ ನಾವೂ ಹೋದೆವು. ಪತ್ರದ ನಕಲಿಗೊಂದು ಕಟ್ಟು ಹಾಕುತ್ತೇನೆ ಎಂದಳು ಫ್ರೇಮಕ್ಕ; ಅಸಲು ಆಗಲೇ ಪೆಟ್ಟಿಗೆ ಸೇರಿತ್ತು. ಗಾಜಣ್ಣ ಕೊನೆಯ ಬಾರಿ ಗಾಜು ಹಾಸಿದ. ಅಳತೆ ಕೂಗಲು ಅವನಿಗೆ ಬಾಯಿ ಬರಲಿಲ್ಲ.

"ಹನ್ನೆರಡೂವರೆ," ಎಂದಳು ಅವಳು.

"ಹನ್ನೆರಡೂವರೆ," ಎಂದ ಅವನು. ಕಿರ್ರೆಂದು ಗೆರೆ, ಟಕ್ಕೆಂದು ಗಾಜು ಎರಡು. ಅಂಚು ನೇರವಾಗಿತ್ತು.

ಕಲೆ ರಾತ್ರೋರಾತ್ರಿ ಹೋಗುವುದಿಲ್ಲ. ತಡವಾದ ಕಂತುಗಳು ವರದಿಯಲ್ಲಿ ಇನ್ನೂ ಕೆಲಕಾಲ ಇರುತ್ತವೆ ಎಂದು ನಾದಿನಿ ಮೊದಲೇ ಎಚ್ಚರಿಸಿದ್ದಳು. ಆದರೆ ಹೊಸ ಕಲೆ ಬೀಳುವುದು ನಿಂತಿತು. ಫ್ರೇಮಕ್ಕನ ಬಾಡಿಗೆಯ ನಿಯತ್ತು ಕಂಡಿದ್ದ ಮಾಲೀಕರು ಕಾದರು. ಮುಂದೆ ಸಾಲ ಸಿಕ್ಕಿತು, ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ. ಮಳಿಗೆ ಈಗ ಅವಳದೇ.

ಇದನ್ನು ಓದುತ್ತಿರುವ ಅಕ್ಕ, ತಮ್ಮ, ನೀವೂ ಬೇರೆಯಾಗಿದ್ದರೆ ಮೊದಲು ನಿಮ್ಮ ಕ್ರೆಡಿಟ್ ವರದಿ ತೆಗೆದು ನೋಡಿ. ಜಂಟಿ ಸಾಲ, ಜಂಟಿ ಖಾತೆ, ಜಾಮೀನು, ನಿಮ್ಮ ಹೆಸರಿನ ಮೇಲೆ ಅವರಿಗೆ ಕೊಡಿಸಿದ ಕ್ರೆಡಿಟ್ ಕಾರ್ಡು ಉಳಿದಿದೆಯೇ ಹುಡುಕಿ. ಬ್ಯಾಂಕಿಗೆ ಬರೆದೇ ಕೇಳಿ, ಮುಚ್ಚಿದ್ದಕ್ಕೆ ಪತ್ರ ಪಡೆಯಿರಿ. ಒಂದೆರಡು ತಿಂಗಳ ಮೇಲೆ ವರದಿ ಮತ್ತೆ ನೋಡಿ. ತಪ್ಪಿದ್ದರೆ ಬ್ಯಾಂಕಿಗೂ ವರದಿ ಕೊಡುವ ಸಂಸ್ಥೆಗೂ ದೂರು ಕೊಡಿ.

ಫ್ರೇಮಕ್ಕನ ಗೋಡೆಯಲ್ಲಿ ಆ ಪತ್ರ ತೂಗುತ್ತಿದೆ. ಪಕ್ಕದಲ್ಲೇ ಅವರಿಬ್ಬರ ಹಳೆಯ ಫೋಟೋ. ಅದನ್ನು ತೆಗೆಯಲು ಯಾವ ಬ್ಯಾಂಕೂ ಹೇಳಿಲ್ಲ.