ಪಾಶಾ ಬರುವ ಮುನ್ನ

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಆಶ್ರಯಧಾಮದ ಯಾಸ್ನಾ ಮನೆ ನೋಡಲು ಬರುವುದು ಹತ್ತಕ್ಕೆ. ಅವಳು ಒಪ್ಪಿದರೆ ಗಿಳಿ ವೆಲಿಬೋರನ ಮನೆಗೆ ಬರುತ್ತದೆ. ಒಪ್ಪದಿದ್ದರೆ ನೀಶ್ ನಗರದ ಹಕ್ಕಿಗಳ ಆಶ್ರಯಧಾಮದಲ್ಲೇ ಉಳಿಯುತ್ತದೆ, ಇಲ್ಲವೇ ಬೇರೆಯವರ ಪಾಲಾಗುತ್ತದೆ.

ವೆಲಿಬೋರ್ ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಕಿಟಕಿಗೆ ಜಾಲರಿ ಬಿಗಿಯುತ್ತಿದ್ದ. ಐವತ್ತೆರಡು ವರ್ಷದ ಬಸ್ ಚಾಲಕ, ಮದುವೆಯಾಗಿರಲಿಲ್ಲ. ಲೆಸ್ಕೊವಾಟ್ಸ್ ಪಟ್ಟಣದ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ತಾಯಿ ಸ್ತಾಮೆನಾಳ ಜೊತೆ ವಾಸ. ಈ ಗಿಳಿಗಾಗಿ ಅವನು ವಸಂತದಲ್ಲೇ ಸಿಗರೇಟು ಬಿಟ್ಟಿದ್ದ. ಹೊಗೆ ಕುಡಿದು ಹಳದಿಯಾಗಿದ್ದ ಗೋಡೆಗಳನ್ನು ಕೆರೆದು ಸುಣ್ಣ ಬಳಿದಿದ್ದ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಅದರ ಆವಿಗೆ ಹಕ್ಕಿ ನಿಂತಲ್ಲೇ ಸಾಯುತ್ತದೆ ಎಂದು ತಿಳಿದ ದಿನ ತಾಯಿಗೆ ಹೇಳಿದ. ಆಕೆ ಮಾರನೆಯ ದಿನವೇ ಬಾಣಲೆಗಳನ್ನೆಲ್ಲ ಕೆಳಮನೆಯವರಿಗೆ ಕೊಟ್ಟುಬಿಟ್ಟಿದ್ದಳು.

ಬಾಗಿಲು ತೆರೆದೇ ಇತ್ತು. ಆ ಕೆಳಮನೆಯ ಜಾರ್ಕೊ ಡ್ರಿಲ್ ಹಿಡಿದು ಒಳಗೆ ಇಣುಕಿದ.

"ಏನಪ್ಪಾ ವೆಲೆ, ಗಂಡು ನೋಡೋಕೆ ಬರ್ತಿದಾರಂತೆ?"

"ಡ್ರಿಲ್ ಅಲ್ಲಿಟ್ಟು ಹೋಗಣ್ಣ."

"ನನ್ನ ಹೆಂಡ್ತಿ ಮನೆಯೋರು ಹೀಗೆ ಮೂಲೆಮೂಲೆ ನೋಡಿದ್ದಿದ್ರೆ ನಾನಿನ್ನೂ ಬ್ರಹ್ಮಚಾರಿ ಕಣೋ."

"ಅದಕ್ಕೇ ಆ ಹುಡುಗಿ ಇವತ್ತಿಗೂ ಅಳ್ತಾಳೆ," ಎಂದಳು ಸ್ತಾಮೆನಾ ಒಳಗಿನಿಂದ. ಜಾರ್ಕೊ ನಗುತ್ತ ಇಳಿದುಹೋದ.

ಪಾಶಾ ಬೂದು ಬಣ್ಣದ ಆಫ್ರಿಕಾದ ಗಿಳಿ. ವ್ಲಾಸೊತಿಂಟ್ಸೆ ರಸ್ತೆಯ ಹೋಟೆಲೊಂದರ ಗಲ್ಲಾದ ಪಕ್ಕದ ಪಂಜರದಲ್ಲಿ ಬಹಳ ವರ್ಷ ಇತ್ತು. ವೆಲಿಬೋರನ ಬಸ್ಸು ಕಾಫಿಗೆ ನಿಲ್ಲುತ್ತಿದ್ದುದು ಅಲ್ಲೇ. ಗಿರಾಕಿಗಳ ಸಿಗರೇಟಿನ ಹೊಗೆಯಲ್ಲೇ ಬೆಳೆದ ಹಕ್ಕಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡಿತ್ತು. ಮಾಲೀಕ ತೀರಿಕೊಂಡು ಹೋಟೆಲು ಮುಚ್ಚಿದಾಗ ಆಶ್ರಯಧಾಮದವರು ಒಯ್ದರು. ಅಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿದ್ದ ಪಾಶಾ, ವೆಲಿಬೋರ್ ನೋಡಲು ಹೋದ ದಿನ, ಬಸ್ಸಿನ ಬಾಗಿಲು ಬುಸ್ಸೆಂದು ತೆರೆಯುವ ಸದ್ದನ್ನು ಎರಡು ಸಲ ಮಾಡಿತು. ಅಷ್ಟಾದರೂ ಯಾಸ್ನಾ ಕರಗಲಿಲ್ಲ. ಮನೆ ನೋಡದೆ ಯಾರಿಗೂ ಹಕ್ಕಿ ಕೊಡುವುದಿಲ್ಲ ಎಂದಳು. ವೆಲಿಬೋರನಿಗೆ ಆ ಬಿಗಿ ಹಿಡಿಸಿತ್ತು. ಈಗ ಅದೇ ಹೆದರಿಕೆಯೂ ಆಗಿತ್ತು.

ಹೆದರಿಕೆಗೆ ಕಾರಣ ಬಾಲ್ಕನಿ. ಸೆಪ್ಟೆಂಬರ್ ಬಂತೆಂದರೆ ಊರಿಗೆ ಊರೇ ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಅಯ್ವಾರ್ ಗೊಜ್ಜು ಮಾಡಿಡುತ್ತದೆ. ಸ್ತಾಮೆನಾ ಕಾಯಿ ಸುಡುವುದು ಬಾಲ್ಕನಿಯಲ್ಲಿ, ಕಟ್ಟಿಗೆಯ ಒಲೆಯ ಮೇಲೆ. ಆಕೆಯ ಅಯ್ವಾರ್‌ಗೆ ಬೀದಿಯಲ್ಲಿ ಹೆಸರಿತ್ತು. ಪಾಶಾನ ಶ್ವಾಸಕೋಶಕ್ಕೆ ಇನ್ನು ಹೊಗೆ ಸೋಕಕೂಡದೆಂದು ವೈದ್ಯರು ಹೇಳಿದ್ದರು. ಶುಕ್ರವಾರ ವೆಲಿಬೋರ್ ಒಲೆಯನ್ನು ನೆಲಮಾಳಿಗೆಗೂ ಮೆಣಸಿನಕಾಯಿಯ ಮೂಟೆಗಳನ್ನು ಜಾರ್ಕೊನ ಮನೆಗೂ ಸಾಗಿಸಿದ್ದ.

"ಅವಳು ಕೇಳಿದ್ರೆ ಅಯ್ವಾರ್ ಅಂಗಡಿಯಿಂದ ತರ್ತೀವಿ ಅಂತ ಹೇಳಮ್ಮ," ಎಂದ ಸ್ಟೂಲಿನಿಂದ ಇಳಿಯುತ್ತ.

ಸ್ತಾಮೆನಾ ಬಟ್ಟಲುಗಳನ್ನು ಒರೆಸುತ್ತಲೇ ಇದ್ದಳು.

ಯಾಸ್ನಾ ಹತ್ತಕ್ಕೆ ಸರಿಯಾಗಿ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸ್ತಾಮೆನಾ ಅತಿಥಿಗೆಂದು ತಟ್ಟೆಯಲ್ಲಿ ತಂದ ಹಣ್ಣಿನ ಪಾಕವನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಕಾಫಿ ಮಾತ್ರ ಮನೆ ನೋಡಿಯಾದ ಮೇಲೆ ಎಂದಳು. ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದಳು. ಪರದೆ ಮೂಸಿದಳು. ಜಾಲರಿಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ.

"ಇವರು ಡ್ಯೂಟಿಗೆ ಹೋದಾಗ ಹಕ್ಕಿ ಹತ್ರ ಯಾರಿರ್ತಾರೆ?"

"ನಾನು," ಎಂದಳು ಸ್ತಾಮೆನಾ.

"ಅದು ಕಿರುಚತ್ತೆ ಅಮ್ಮ. ಕಚ್ಚತ್ತೆ. ಸಿಕ್ಕಿದ್ದನ್ನೆಲ್ಲ ಎಸೆಯತ್ತೆ."

"ನಮ್ಮ ಯಜಮಾನರೂ ಹಾಗೇ ಇದ್ರು. ಮೂವತ್ತು ವರ್ಷ ನೋಡ್ಕೊಂಡೆ."

ಯಾಸ್ನಾಳ ತುಟಿಯಂಚಿನಲ್ಲಿ ನಗು ಮಿಂಚಿತು. ವೆಲಿಬೋರನಿಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವಳು ಬಾಲ್ಕನಿಯ ಬಾಗಿಲು ತೆರೆದು ತಲೆಯೆತ್ತಿದಳು. ಗೋಡೆಗೆಲ್ಲ ಸುಣ್ಣ ಬಳಿದವನು ಬಾಲ್ಕನಿಯ ಸೂರನ್ನು ಮರೆತಿದ್ದ. ಅಲ್ಲಿ ಮಸಿ ದಪ್ಪಗೆ ಕಟ್ಟಿತ್ತು.

"ಮೆಣಸಿನಕಾಯಿ ಇಲ್ಲೇ ಸುಡ್ತೀರಾ?"

"ಇಲ್ಲ. ಅದು ಹಳೇದು," ಎಂದ ವೆಲಿಬೋರ್. "ಅಯ್ವಾರ್ ಅಂಗಡಿಯಿಂದ ತರ್ತೀವಿ."

ಸ್ತಾಮೆನಾ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಸುಳ್ಳು ಕಣಮ್ಮ. ಈ ಮನೆ ಹೊಸಿಲನ್ನ ಅಂಗಡಿ ಅಯ್ವಾರ್ ಇವತ್ತಿನವರೆಗೂ ದಾಟಿಲ್ಲ. ಇಲ್ಲೇ ಸುಡ್ತೀನಿ, ಪ್ರತಿ ವರ್ಷ. ಈ ಸಲದ ಮೂಟೆ ಕೆಳಗಡೆ ಜಾರ್ಕೊ ಮನೇಲಿ ಇವನೇ ಬಚ್ಚಿಟ್ಟಿದಾನೆ."

ವೆಲಿಬೋರ್ ನೆಲ ನೋಡಿದ. ಯಾಸ್ನಾ ನಗಲಿಲ್ಲ, ಗದರಲೂ ಇಲ್ಲ.

"ಹಾಗಾದ್ರೆ ಪಾಶಾ ಇಲ್ಲಿ ಬದುಕಿ ಉಳಿಯಲ್ಲ ಅಮ್ಮ. ಬಾಗಿಲು ಹಾಕ್ಕೊಂಡ್ರೂ ಹೊಗೆ ಒಳಗೆ ಬಂದೇ ಬರತ್ತೆ."

"ಗೊತ್ತು. ಒಲೆ ಹಿಂದಿನ ಅಂಗಳದಲ್ಲಿ ಹೂಡ್ತೀನಿ."

"ಕೆಳಗಿನ ಮನೆಗಳ ಹೊಗೆ?"

"ಅವರನ್ನೂ ಅಂಗಳಕ್ಕೆ ಇಳಿಸ್ತೀನಿ."

"ಒಪ್ತಾರಾ?"

"ಒಪ್ಪಲ್ಲ. ಆದ್ರೂ ಇಳೀತಾರೆ."

ಯಾಸ್ನಾ ಚೀಲ ಹೆಗಲಿಗೇರಿಸಿದಳು. "ಮಾತಿನ ಮೇಲೆ ನಾನು ಹಕ್ಕಿ ಕೊಡಲ್ಲ. ಇನ್ನೊಂದು ಸಲ ಬರ್ತೀನಿ. ಯಾವತ್ತು ಅಂತ ಹೇಳಲ್ಲ." ಕಾಫಿ ಕುಡಿಯದೆ ಹೊರಟಳು.

ಅವಳ ಹೆಜ್ಜೆ ಸದ್ದು ಅಡಗುವವರೆಗೆ ವೆಲಿಬೋರ್ ತಡೆದುಕೊಂಡ. "ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ? ಅಯ್ವಾರ್ ಮಾನ ಅಷ್ಟು ದೊಡ್ಡದಾ?"

"ದೊಡ್ಡದೇ," ಎಂದಳು ತಾಯಿ. "ಆದ್ರೆ ಆ ಹುಡುಗಿಗೆ ಸುಳ್ಳು ಹೇಳ್ಬಿಡಬಹುದಿತ್ತು ಕಣೋ. ಆಮೇಲೆ ಒಲೆ ಹಚ್ಚಿದ ದಿನ ಆ ಹಕ್ಕಿಗೇನು ಹೇಳ್ತಿದ್ದೆ? ಉಸಿರು ಬಿಗಿಹಿಡ್ಕೋ ಅಂತಲಾ?"

ಆ ಸಂಜೆ ಸ್ತಾಮೆನಾ ಮಹಡಿಯಿಂದ ಮಹಡಿಗೆ ಇಳಿದು ಬಾಗಿಲು ಬಾಗಿಲು ತಟ್ಟಿದಳು. ಎಪ್ಪತ್ತಾರು ವರ್ಷ, ಮಂಡಿ ನೋವು, ಲಿಫ್ಟ್ ಇಲ್ಲದ ಕಟ್ಟಡ. ವೆಲಿಬೋರ್ ನಾನೂ ಬರುತ್ತೇನೆ ಎಂದದ್ದಕ್ಕೆ, ನೀನು ಬಂದರೆ ಜಗಳವಾಗುತ್ತದೆ ಎಂದು ಹಿಂದಕ್ಕೆ ಕಳಿಸಿದಳು. ಅವನು ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಂಡ.

"ಒಂದು ಕಾಗೆಗೋಸ್ಕರ ನಾನು ಒಲೆ ಹೊತ್ಕೊಂಡು ಅಂಗಳಕ್ಕೆ ಹೋಗ್ಬೇಕಾ ಸ್ತಾಮೆನಕ್ಕ?" ಇದು ಜಾರ್ಕೊ.

"ಗಿಳಿ."

"ಗಿಳಿನೇ ಆಗ್ಲಿ."

"ನಿನ್ನ ಹೆಂಡ್ತಿ ಆಸ್ಪತ್ರೆಯಲ್ಲಿದ್ದಾಗ ಎರಡು ತಿಂಗಳು ನಿನಗೆ ಊಟ ಹಾಕಿದ್ದು ಯಾರು? ಲೆಕ್ಕ ಕೇಳ್ತಿಲ್ಲ, ಸುಮ್ನೆ ನೆನಪು ಮಾಡ್ದೆ."

"ಒಲೆ ಎಲ್ಲಿಡ್ಬೇಕು ಅದನ್ನಾದ್ರೂ ಹೇಳು," ಎಂದ ಜಾರ್ಕೊ.

ಎರಡನೇ ಮಹಡಿಯ ಶಾಲಾಮಾಸ್ತರರು ಮಾತ್ರ ಜಗ್ಗಲಿಲ್ಲ. ಭಾನುವಾರ ಮತ್ತೆ ಹೋದಳು, ಸೋಮವಾರ ಮತ್ತೆ ಹೋದಳು. ಮಂಗಳವಾರ ಅವರೇ ಒಲೆ ಇಳಿಸಿದರು.

ಬುಧವಾರ ಸಂಜೆ ಡ್ಯೂಟಿ ಮುಗಿಸಿ ಬಂದ ವೆಲಿಬೋರ್ ಮೊದಲು ತಲೆಯೆತ್ತಿ ಕಟ್ಟಡ ನೋಡಿದ. ಯಾವ ಬಾಲ್ಕನಿಯಲ್ಲೂ ಹೊಗೆ ಇರಲಿಲ್ಲ. ಗ್ಯಾರೇಜುಗಳ ಹಿಂದಿನ ಅಂಗಳಕ್ಕೆ ಹೋದ. ಒಲೆಗಳು ಸಾಲಾಗಿ ಉರಿಯುತ್ತಿದ್ದವು, ಹೊಗೆ ರೈಲು ಹಳಿಯ ಕಡೆಗೆ ಹೋಗುತ್ತಿತ್ತು. ಜಾರ್ಕೊ ಮೆಣಸಿನಕಾಯಿ ತಿರುವುತ್ತ ಮಾಸ್ತರರ ಜೊತೆ ಯಾವುದಕ್ಕೋ ವಾದಿಸುತ್ತಿದ್ದ. ಸ್ತಾಮೆನಾಳ ಪಕ್ಕದಲ್ಲಿ, ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಯಾಸ್ನಾ ಕೂತು ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ಕೈ ಮಣಿಕಟ್ಟಿನವರೆಗೆ ಕಪ್ಪಾಗಿತ್ತು. ಯಾವಾಗ ಬಂದಳೋ ಏನೋ.

"ಇಷ್ಟು ದಪ್ಪ ಸುಲೀಬಾರ್ದಮ್ಮ. ತಿರುಳೆಲ್ಲ ಹೋಯ್ತು," ಎಂದು ಸ್ತಾಮೆನಾ ಅವಳ ಕೈಯಿಂದ ಒಂದನ್ನು ಕಿತ್ತುಕೊಂಡಳು.

ವೆಲಿಬೋರ್ ಟೋಪಿ ತೆಗೆದು ನಿಂತ. ಯಾಸ್ನಾ ತಲೆಯೆತ್ತದೆ ಹೇಳಿದಳು, "ಪಂಜರ ಕಿಟಕಿ ಹತ್ರ ಇಡ್ಬೇಡಿ. ಒಳಗೋಡೆ ಪಕ್ಕ ಇಡಿ. ಪಾಶಾನಿಗೆ ಬೆನ್ನ ಹಿಂದೆ ಗೋಡೆ ಇರ್ಬೇಕು."

ಪಾಶಾ ಭಾನುವಾರ ಮಧ್ಯಾಹ್ನ ಬಂತು. ಬಂದ ಒಂದು ಗಂಟೆಯೊಳಗೆ ಸ್ತಾಮೆನಾಳ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿತು. ಆಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಅದು ಚೆಲ್ಲಿದ ನೀರು ಒರೆಸಿ, ಬಟ್ಟಲಿಗೆ ಬೇರೆ ನೀರು ಹಾಕಿದಳು.