ಮೂರು ಜನಕ್ಕೆ ಒಂದು ಕೋಣೆ

ಮತ್ತೆ ಚಪ್ಪಾಳೆ, ಮುಂದಿನ ಟೇಬಲ್ಲಿನಲ್ಲಿ ಯಾರೋ ಸಹಿ ಹಾಕಿದರು ಅಂತ ಕಾಣುತ್ತದೆ, ಒಬ್ಬೊಬ್ಬರು ಸಹಿ ಹಾಕಿದಾಗಲೂ ಇವರು ಒಂದು ಬಲೂನು ಒಡೆಯುತ್ತಾರೆ, ಒಡೆದಾಗಲೆಲ್ಲ ಅತ್ತೆ ಬೆಚ್ಚಿಬೀಳುತ್ತಾರೆ, ಬೆಚ್ಚಿದ ಕೈ ಸೀದಾ ಕಾಲ ಸಂದಿಯಲ್ಲಿಟ್ಟುಕೊಂಡ ಚೀಲದ ಗಂಟಿಗೆ ಹೋಗುತ್ತದೆ — ಹಸಿರು ರೆಕ್ಸಿನ್ ಚೀಲ, ನನ್ನ ಗಂಡನಿಗೆ ಪ್ಲಾಂಟಿನ ಸುರಕ್ಷತಾ ಸಪ್ತಾಹದಲ್ಲಿ ಕೊಟ್ಟದ್ದು, ಜಿಪ್ಪು ಹೋಗಿ ಎಷ್ಟೋ ಕಾಲವಾಯಿತು, ಹಳೆ ಸೀರೆಯ ಅಂಚು ಹರಿದು ಅದರ ಬಾಯಿಗೆ ಕಟ್ಟಿಕೊಂಡಿದ್ದಾರೆ, ಒಂದು ಜಿಪ್ಪು ಹಾಕಿಸಿಕೊಡಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ತಿಂಗಳು ಮುಗಿದು ಚೀಲವೂ ಹೋಗಿರುತ್ತದೆ, ಅತ್ತೆಯೂ ಹೋಗಿರುತ್ತಾರೆ. ಇವತ್ತೂ ಅತ್ತೆಯನ್ನು ಬಿಡಲಿಕ್ಕೆ ಹೊರಟದ್ದೇ. ಮೇ ಮುಗಿಯಿತು, ನಾಳೆಯಿಂದ ಅಂಕೋಲೆಯ ಭಾವನ ಮನೆಯ ಪಾಳಿ, ಮಲ್ಲಾಪುರದ ಕ್ವಾರ್ಟರ್ಸಿಗೆ ಬೀಗ ಹಾಕಿ, ಮಗಳು ಪ್ರಣತಿಯನ್ನು ಪಕ್ಕದವರ ಮನೆಯಲ್ಲಿ ಬಿಟ್ಟು ಹೊರಟವರು, ದಾರಿಯಲ್ಲಿ ಕಾರವಾರದ ಹೋಟೆಲಿಗೆ ಒಂದು ತಾಸು ಹೋಗಿಬರುವ ಅಂದರು ನನ್ನ ಗಂಡ, ರೆಸಾರ್ಟಿನ ಸದಸ್ಯತ್ವ ಮಾರುವವರ ಸಭೆ, ಗಂಡಹೆಂಡತಿ ಜೋಡಿಯಾಗಿ ಬಂದರೆ ಕುಕ್ಕರ್ ಉಚಿತವಂತೆ. ಒಂದು ತಾಸು ಅಂದದ್ದು ಮೂರಾಯಿತು, ಕುಕ್ಕರ್ ಇನ್ನೂ ವೇದಿಕೆಯ ಮೇಲೇ ಕುಳಿತಿದೆ. ಏಸಿ ಗಾಳಿ ಕುತ್ತಿಗೆಗೇ ಹೊಡೆಯುತ್ತದೆ, ಎದುರಿಗೆ ಕುಳಿತ ಹುಡುಗನ ಎದೆಯ ಮೇಲೆ ಸುಹಾಸ ಅಂತ ಹೆಸರಿನ ಪಟ್ಟಿ, ಹುಬ್ಬಳ್ಳಿ ಕಡೆಯವನು, ಟೈ ಕಟ್ಟಿದ್ದಾನೆ, ನೋಡ್ರಿ ಮೇಡಂ ನೋಡ್ರಿ ಮೇಡಂ ಅನ್ನುತ್ತಾನೆ, ನೋಡಿ ನೋಡಿ ನನ್ನ ಕಣ್ಣು ಉರಿಯುತ್ತಿದೆ.

ಹೋದ ವಾರ ಇದನ್ನೇ ಮಾರಲು ಟೌನ್‌ಶಿಪ್ಪಿನ ಕ್ಲಬ್ಬಿಗೆ ಬಂದವರು ಗಿರಿತಾರಾ ಕಂಪನಿಯವರು, ಇವರು ತೀರವಿಹಾರದವರು, ಪೇ ಕಮಿಷನ್ನಿನ ಅರಿಯರ್ಸ್ ಬಂದ ವಾಸನೆ ಇವರಿಗೆಲ್ಲ ಹೇಗೆ ಹತ್ತಿತೋ. ಗಿರಿತಾರಾದ್ದು ವಾರದ ಲೆಕ್ಕ, ಒಮ್ಮೆ ದುಡ್ಡು ಕಟ್ಟಿದರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ ಅವರ ರೆಸಾರ್ಟಿನಲ್ಲಿ, ಕೆಂಪು ವಾರ ಅಂದರೆ ಬೇಸಿಗೆ ರಜೆ, ದುಬಾರಿ, ನೀಲಿ ವಾರ ಅಂದರೆ ಮಳೆಗಾಲ, ಅಗ್ಗ, ಒಮ್ಮೆ ನೀಲಿ ಕೊಂಡರೆ ಸಾಯುವ ತನಕ ನೀಲಿಯೇ. ತೀರವಿಹಾರದ್ದು ಪಾಯಿಂಟಿನ ಲೆಕ್ಕ, ವರ್ಷವರ್ಷ ಇಷ್ಟು ಪಾಯಿಂಟು ಅಂತ ನಮ್ಮ ಹೆಸರಿಗೆ ಬೀಳುತ್ತದೆ, ಬೇಸಿಗೆಯಲ್ಲಿ ಹೋದರೆ ಎಲ್ಲ ಒಮ್ಮೆಗೇ ಖರ್ಚು, ಮಳೆಯಲ್ಲಿ ಹೋದರೆ ಅರ್ಧ ಉಳಿಯುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕಿಲ್ಲ, ಸತ್ತುಹೋಗುತ್ತದೆ. ಹೋಗಲಿ ಬಿಡಲಿ, ನಿರ್ವಹಣೆಯ ದುಡ್ಡು ಮಾತ್ರ ಎರಡರಲ್ಲೂ ಪ್ರತಿ ವರ್ಷ ಕಟ್ಟಬೇಕು, ಗಿರಿತಾರಾದವರು ಅದನ್ನು ಎಷ್ಟು ಏರಿಸುತ್ತೇವೆ ಅಂತ ಹೇಳುವುದಿಲ್ಲ, ಇವರು ಹೇಳುತ್ತಾರೆ, ಆದರೆ ಮೊದಲೇ ಜಾಸ್ತಿ ಇಟ್ಟಿದ್ದಾರೆ. ಇಡೀ ವಾರ ಗಿರಿತಾರಾದ್ದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದ್ದೇನೆ, ಬಂಗಡೆ ಕೊಯ್ಯುವಾಗ, ಗಂಡನ ಫಸ್ಟ್ ಶಿಫ್ಟಿಗೆ ಕತ್ತಲಲ್ಲೆದ್ದು ಡಬ್ಬಿ ಕಟ್ಟುವಾಗ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವಾಗ. ಬೇಕಾದಾಗ ಬೇರೆಯವರ ಜೊತೆ ಅದಲುಬದಲು ಮಾಡ್ಕೋಬಹುದ್ರಿ ಮೇಡಂ, ನಿಮ್ಮ ಬೇಸಿಗೆ ಅವರಿಗೆ ಕೊಡ್ರಿ, ಅವರ ಎರಡು ಮಳೆಗಾಲ ನೀವು ತಗೋರಿ ಅನ್ನುತ್ತಾನೆ ಸುಹಾಸ — ಈ ವ್ಯಾಪಾರ ನನಗೆ ಹೊಸದಲ್ಲ ಹುಡುಗಾ. ಏಪ್ರಿಲ್ ನಮ್ಮ ಪಾಳಿ, ಮೇ ಭಾವನದು, ಅಂದರೆ ಅವರ ಹೆಂಡತಿ ಮಂಜಿಯಕ್ಕನದು, ಆದರೆ ಏಪ್ರಿಲ್ ಕೊನೆಗೆ ಮಂಜಿಯಕ್ಕನ ಫೋನು, ಯಶೋದಾ, ನಮ್ಮನೆಗೆ ರಜೆಗೆ ನೆಂಟ್ರು ಬತ್ರು ಮಾರಾಯ್ತಿ, ಮೇ ನೀನೇ ಇಟ್ಕ, ಜೂನು ಜುಲೈ ಎರಡೂ ನಾ ಇಟ್ಕತೆ. ಆಯ್ತು ಅಂದೆ. ಎರಡು ನೀಲಿ ತಿಂಗಳಿಗೆ ಒಂದು ಕೆಂಪು ತಿಂಗಳು, ಲೆಕ್ಕದಲ್ಲಿ ನಷ್ಟವಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ, ಹೇಳಿಕೊಳ್ಳುವಾಗ ಅತ್ತೆ ಅಲ್ಲೇ ಬಾಗಿಲ ಬಳಿ ಕುಳಿತು ಹುಣಸೆ ಬಿಡಿಸುತ್ತಿದ್ದರು. ಮಾವ ತೀರಿಕೊಂಡು ಆಸ್ತಿ ಹಿಸೆಯಾದಾಗ ಮನೆ ಭಾವನಿಗೆ, ಗದ್ದೆಯ ದುಡ್ಡು ನಮಗೆ, ಅತ್ತೆ ಮಾತ್ರ ಇಬ್ಬರಿಗೂ ಅರ್ಧರ್ಧ. ಭಾವ ಆ ಮನೆ ಕೆಡವಿ ತಾರಸಿಯ ಹೊಸ ಮನೆ ಕಟ್ಟಿಸಿದರು, ಅತ್ತೆ ಅಂದಿನಿಂದ ಚೀಲದಲ್ಲಿದ್ದಾರೆ. ನಮ್ಮ ಮನೆಯಲ್ಲಿ ಕಪಾಟಿನ ಒಂದು ಹಲಗೆ ಅವರಿಗೆಂದೇ ಖಾಲಿ ಮಾಡಿಟ್ಟೆ, ಒಂದು ಸಲವೂ ಒಂದು ಸೀರೆ ಅಲ್ಲಿ ಇಟ್ಟವರಲ್ಲ, ಗಂಟು ಸಡಿಲಿಸುತ್ತಾರೆ, ಬೇಕಾದ್ದು ಎಳೆದುಕೊಳ್ಳುತ್ತಾರೆ, ಮತ್ತೆ ಕಟ್ಟುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಸಿಟ್ಟಿಗೂ ತ್ರಾಣವಿಲ್ಲ.

ನನಗೆ ಬೇಕಾದದ್ದು ಒಂದೇ ವಾರ. ಊಟಿಯೂ ಬೇಡ, ಕೊಡಗೂ ಬೇಡ, ಎಲ್ಲಿಯಾದರೂ ಸರಿ, ಹಾಸಿಗೆ ಬೇರೆ ಯಾರೋ ಮಡಚಬೇಕು, ತಿಂದ ತಟ್ಟೆ ಬೇರೆ ಯಾರೋ ಎತ್ತಬೇಕು, ಒಂದು ವಾರ ಯಾರೂ ನನ್ನ ಹೆಸರು ಕೂಗಬಾರದು. ಸುಹಾಸ ಆಲ್ಬಮ್ಮಿನಲ್ಲಿ ಒಂದು ಕೋಣೆ ತೋರಿಸಿದ, ಬಿಳಿ ಹೊದಿಕೆ, ಕಿಟಕಿಯಾಚೆ ಬೆಟ್ಟ, ಆ ಹೊದಿಕೆಯ ಮೇಲೆ ಒಂದು ಸುಕ್ಕಿಲ್ಲ, ಅದನ್ನು ನೋಡಿದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡೆ, ಇದೆಂಥ ಹುಚ್ಚು, ಹೊದಿಕೆ ನೋಡಿ ಅಳುವುದು. ಅತ್ತೆಯೂ ಬಗ್ಗಿ ನೋಡಿದರು. ತಮ್ಮಾ, ಸೀರೆ ಒಣಗ್ಸುಕೆ ಹಗ್ಗ ಅದ್ಯಾ ಅಲ್ಲಿ? ಎಲ್ಲಾ ಅದಾವ್ರಿ ಅಜ್ಜಿ, ವಾಷಿಂಗ್ ಮಷೀನೇ ಅದ. ಎಷ್ಟ್ ದಿವ್ಸ ಇರುಕೆ ಕೊಡ್ತ್ರಿ? ಏಳು ದಿನ ಅಜ್ಜಿ, ಎಂಟನೇ ದಿನ ಬೆಳಿಗ್ಗೆ ಹತ್ತಕ್ಕ ಖಾಲಿ ಮಾಡಬೇಕು. ಓ, ಅಂದರು ಅತ್ತೆ, ಗೊತ್ತಿದ್ದ ಸಂಗತಿ ಅನ್ನುವ ಹಾಗೆ ತಲೆ ಆಡಿಸಿದರು, ಮತ್ತೆ ಅಲ್ಲಿಂದ ಎಲ್ಲಿಗೆ ಕಳಸ್ತ್ರಿ? ಸುಹಾಸ ನಕ್ಕ, ನನ್ನ ಗಂಡ ನಕ್ಕರು, ನಾನೂ ನಕ್ಕೆ ಅಂತ ಕಾಣುತ್ತದೆ. ಆಮೇಲೆ ಸುಹಾಸ ಪೆನ್ನು ತೆಗೆದ. ಮನೆಯೊಳಗ ಎಷ್ಟು ಮಂದಿ ಮೇಡಂ, ಮೂರು ಮಂದಿ ಆದ್ರ ಸಣ್ಣ ಕೋಣಿ ಸಾಕು, ಕಡಿಮಿ ಪಾಯಿಂಟು, ನಾಲ್ಕನೇ ದೊಡ್ಡವರು ಇದ್ರ ಮುಂದಿನ ಸ್ಲ್ಯಾಬಿಗೆ ಹೋಗಬೇಕಾಗ್ತದ, ರೊಕ್ಕ ಜಾಸ್ತಿ. ನನ್ನ ಗಂಡ ನನ್ನ ಮುಖ ನೋಡಿದರು. ಮೂರು, ಅಂದೆ. ನಾನೇ ಅಂದದ್ದು, ಅವರಲ್ಲ. ಯೋಚಿಸಲೂ ಇಲ್ಲ, ಅಂಗಡಿಯಲ್ಲಿ ಎಷ್ಟು ತೆಂಗಿನಕಾಯಿ ಅಂದರೆ ಹೇಳುವ ಹಾಗೆ ಬಾಯಿಗೆ ಬಂತು. ತಪ್ಪೇನೂ ಅಲ್ಲ, ನಾವು ಹೋಗುವುದು ಹೇಗೂ ಅತ್ತೆ ಅಂಕೋಲೆಯಲ್ಲಿರುವ ತಿಂಗಳಿನಲ್ಲಿ, ಆ ತಿಂಗಳಿನಲ್ಲಿ ನಾವು ಮೂರೇ. ಲೆಕ್ಕ ಸರಿ. ಆದರೆ ಅತ್ತೆ, ಬಲೂನು ಒಡೆದಿರಲಿಲ್ಲ, ಯಾರೂ ಚಪ್ಪಾಳೆ ಹೊಡೆದಿರಲಿಲ್ಲ, ಬಗ್ಗಿ ಆ ಗಂಟಿನ ಎರಡೂ ತುದಿ ಹಿಡಿದು ಎಳೆದರು, ಕಟ್ಟಿದ್ದ ಗಂಟನ್ನೇ ಇನ್ನೊಮ್ಮೆ ಎಳೆದರು, ಕೈಯ ನರ ಉಬ್ಬುವಷ್ಟು. ಹುಡುಗ ಮೂರು ಅಂತ ಬರೆದುಕೊಂಡ, ನನ್ನ ಗಂಡ ಸಹಿ ಹಾಕಿದರು, ನಾನು ಹಾಕಿದೆ, ನಮಗೂ ಒಂದು ಬಲೂನು ಒಡೆಯಿತು.

ಕಾರಿನಲ್ಲಿ ನಾನು ಮುಂದೆ, ಅತ್ತೆ ಹಿಂದೆ, ಅವರ ಪಕ್ಕ ಕುಕ್ಕರಿನ ಪೆಟ್ಟಿಗೆ, ಚೀಲ ಮಾತ್ರ ಮಡಿಲಲ್ಲಿ. ಬಿಣಗಾ ದಾಟಿತು, ಮೋಡ ಕಟ್ಟಿದೆ, ಸಮುದ್ರ ಒಮ್ಮೆ ಕಾಣುತ್ತದೆ, ಮತ್ತೆ ನೌಕಾನೆಲೆಯ ಗೋಡೆ ಶುರುವಾಗುತ್ತದೆ, ಗೋಡೆ ಗೋಡೆ ಗೋಡೆ. ಪಾಯಿಂಟೇ ಒಳ್ಳೇದು ಬಿಡು, ಕೆಂಪು ವಾರ ನೀಲಿ ವಾರ ಅಂತ ಗೋಳಿಲ್ಲ, ಅನ್ನುತ್ತಾರೆ ನನ್ನ ಗಂಡ, ಖುಷಿಯಲ್ಲಿದ್ದಾರೆ, ಹೂಂ ಅನ್ನುತ್ತೇನೆ. ಹತ್ತು ದಿನದೊಳಗೆ ಬೇಡ ಅಂದರೆ ದುಡ್ಡು ವಾಪಸು ಅಂತ ಕೊನೆಯ ಪುಟದಲ್ಲಿದೆ, ಬೇಡ ಅನ್ನುವುದು ಯಾಕೆ, ನಾಲ್ಕು ಅಂತ ತಿದ್ದಿದರೆ ಸಾಕಲ್ಲ — ತಿದ್ದಿದರೆ ಮುಂದಿನ ಸ್ಲ್ಯಾಬು, ಮುಂದಿನ ಸ್ಲ್ಯಾಬಿಗೆ ಅರಿಯರ್ಸ್ ಸಾಲುವುದಿಲ್ಲ, ಸಾಲಿದರೂ ಅತ್ತೆ ಬಂದರೆ ಆ ಕೋಣೆಯಲ್ಲೂ ಎಣ್ಣೆ ತಿಕ್ಕುವುದು, ಗಂಜಿ ಬಸಿಯುವುದು, ಯಶೋದಾ ಯಶೋದಾ ಅಂತ ಕೂಗಿಸಿಕೊಳ್ಳುವುದು, ಮತ್ತೆ ಅದು ಎಂಥ ರಜೆ. ನಾನು ಕೆಟ್ಟವಳಲ್ಲ. ದಣಿದಿದ್ದೇನೆ ಅಷ್ಟೇ. ಕನ್ನಡಿಯಲ್ಲಿ ನೋಡಿದೆ, ಅತ್ತೆ ಹೊರಗೆ ನೋಡುತ್ತಿದ್ದಾರೆ, ಗೋಡೆಯನ್ನೇ. ಅತ್ತೆ, ನೀರು ಬೇಕಾ ಅಂದೆ. ಬ್ಯಾಡ್ವೆ ಮಗಾ, ಈಗ ಬಂದೇ ಬಿಡ್ತಲಾ, ಅಂದರು. ಮಗಾ ಅಂದರು. ಬೈದಿದ್ದರೆ ಆಗುತ್ತಿತ್ತು, ನಾನೂ ಒಂದು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಮಂಜಿಯಕ್ಕ ಬಾಗಿಲಲ್ಲೇ ನಿಂತಿದ್ದಾರೆ, ಬನ್ನಿ ಬನ್ನಿ ಎಷ್ಟ್ ಹೊತ್ತು ಮಾಡ್ಬಿಟ್ರಿ, ಚಾ ಆರ್‍ತು. ಜಗಲಿಯ ಮೂಲೆಯಲ್ಲಿ ಮಂಚ ಹಾಕಿದ್ದಾರೆ, ಮೇಲೆ ತೊಳೆದ ಹೊದಿಕೆ, ಮಡಿಕೆ ಕೂಡ ಬಿಡಿಸಿಲ್ಲ, ನಾನು ನಮ್ಮ ಮನೆಯಲ್ಲಿ ಹಾಸುವುದೂ ಹೀಗೇ. ನನ್ನ ಗಂಡ ಕಾರು ತಿರುಗಿಸಲು ಹೋದರು, ಪ್ರಣತಿ ಕಾಯುತ್ತಿರುತ್ತಾಳೆ, ಮಳೆಯ ಮೊದಲೇ ಮಲ್ಲಾಪುರ ಸೇರಬೇಕು. ಬತ್ತೆ ಅತ್ತೆ ಅಂತ ಬಗ್ಗಿ ಕಾಲಿಗೆ ಕೈ ಹಚ್ಚಿದೆ. ಸ್ವಲ್ಪ ನಿಲ್ಲು ಯಶೋದಾ, ಅಂದರು, ಈ ಗಂಟೊಂದು ಬಿಚ್ಚಿಕೊಡು, ನನ್ ಬೆರಳಿಗೆ ಬತ್ತಿಲ್ಲ, ಎಂಥದೋ ಬಿಗಿದು ಹೋಯ್ತು ಇವತ್ತು. ಎಂಥದೋ. ಹೊಸ್ತಿಲ ಮೇಲೆ ಕುಳಿತೆ, ಚೀಲವನ್ನು ಮಡಿಲಿಗೆ ಎಳೆದುಕೊಂಡೆ, ಸೀರೆಯ ಅಂಚು ತಿರುಚಿ ತಿರುಚಿ ಕಲ್ಲಾಗಿದೆ, ಉಗುರು ಹಾಕಿದೆ, ಹೋಗಲಿಲ್ಲ, ಇನ್ನೊಂದು ಕಡೆಯಿಂದ ಎಳೆದೆ, ಮತ್ತಷ್ಟು ಕೂತುಕೊಂಡಿತು, ಹೊರಗೆ ಹಾರ್ನು, ಬಂದೆ ಅಂದೆ, ಹಲ್ಲು ಹಚ್ಚಿದೆ, ಬೆವರು ಮತ್ತು ಕೊಬ್ಬರಿಎಣ್ಣೆಯ ರುಚಿ. ತಡಿ ತಡಿ, ಕೊಯ್ದೇ ಬಿಡ್ವಾ ಅಂತ ಮಂಜಿಯಕ್ಕ ಒಳಗಿಂದ ಕತ್ತಿ ತಂದರು. ಕೊಯ್ಯುದ್ ಬ್ಯಾಡ್ವೆ ಮಂಜಿ, ಅಂದರು ಅತ್ತೆ, ಸಾವಕಾಶ, ಸಿಟ್ಟಿಲ್ಲದೆ, ಆಗಸ್ಟಿಗೆ ಮತ್ತೆ ಕಟ್ಟುಕೆ ಬೇಕಲಾ. ಕತ್ತಿ ಹಿಡಿದ ಮಂಜಿಯಕ್ಕ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ, ಮತ್ತೆ ಹಾರ್ನು, ಮೊದಲ ಹನಿ ಅಂಗಳಕ್ಕೆ ಬಿತ್ತು, ಉಗುರು ಮುರಿಯಿತು, ಮೂರು ಅಂದೆನಲ್ಲ, ನಾನೇ ಅಂದೆನಲ್ಲ, ಇನ್ನೊಂದು ಉಗುರು ಹಾಕುತ್ತೇನೆ, ಬಿಚ್ಚಿಕೊಳ್ಳುತ್ತಿಲ್ಲ, ಗಂಟು, ಈ ಗಂಟು